ನೋವು ನುಂಗಿ ಓಡುವ ನಾಯಿಗಳು: ಶ್ವಾನ ಕ್ರೀಡೆಯಲ್ಲಿ ಗಾಯ ತಡೆಯುವ ಬಗೆ

ಅಜಿಲಿಟಿ ಸ್ಪರ್ಧೆಯ ಒಂದು ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ನಾಯಿಯು ಅಡ್ಡಪಟ್ಟಿಗಳನ್ನು ಜಿಗಿದು, ಸುರಂಗದೊಳಗೆ ನುಗ್ಗಿ, ಇಳಿಜಾರು ಹಲಗೆಯನ್ನೇರಿ ಇಳಿದು, ಸಾಲುಗಂಬಗಳ ನಡುವೆ ಹಾವಿನಂತೆ ಹರಿದು ಅಂತಿಮ ಗೆರೆ ಮುಟ್ಟುತ್ತದೆ. ಬಾಲ ಅಲ್ಲಾಡಿಸುತ್ತಾ ಒಡೆಯನ ಮೈಮೇಲೆ ಹಾರುತ್ತದೆ. ಅರ್ಧ ಗಂಟೆಯ ನಂತರ ಕಾರಿನಿಂದ ಇಳಿಯುವಾಗ ಅದೇ ನಾಯಿ ಮುಂಗಾಲನ್ನು ಅಳುಕುತ್ತಾ ಊರುತ್ತಿದ್ದರೆ, ಪೆಟ್ಟು ಬಿದ್ದದ್ದು ಯಾವ ಜಿಗಿತದಲ್ಲಿ ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ.

ಮನುಷ್ಯ ಕ್ರೀಡಾಪಟು ನೋವಾದರೆ ನಿಲ್ಲುತ್ತಾನೆ, ತರಬೇತುದಾರನಿಗೆ ತಿಳಿಸುತ್ತಾನೆ, ಇಂದು ಆಡುವುದಿಲ್ಲ ಎನ್ನುತ್ತಾನೆ. ನಾಯಿಗೆ ಈ ಸೌಲಭ್ಯವಿಲ್ಲ. ಓಟದ ಹುರುಪು ಮತ್ತು ಒಡೆಯನನ್ನು ಮೆಚ್ಚಿಸುವ ತವಕ ನೋವನ್ನು ಮರೆಸಿಬಿಡುತ್ತವೆ. ಕ್ರೀಡೆಗೆಂದು ಆಯ್ದು ಬೆಳೆಸಿದ ತಳಿಗಳಲ್ಲಂತೂ ಈ ಗುಣ ಇನ್ನೂ ಹೆಚ್ಚು. ಆದ್ದರಿಂದ ಯಾವಾಗ ಆರಂಭಿಸಬೇಕು, ಎಷ್ಟು ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನಗಳೆಲ್ಲ ಮನುಷ್ಯನ ಹೊಣೆಯಾಗಿಯೇ ಉಳಿಯುತ್ತವೆ. ಶ್ವಾನ ಕ್ರೀಡೆಯಲ್ಲಿ ಗಾಯ ತಡೆಯುವ ವಿದ್ಯೆಯ ತಿರುಳು ಇಷ್ಟೇ.

ಕುದುರೆ ಜಿಗಿತದಿಂದ ಬಂದ ಆಟ

ಅಜಿಲಿಟಿ ಹುಟ್ಟಿದ್ದು ಬ್ರಿಟನ್ನಿನಲ್ಲಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನ ವೇಳೆ ಪ್ರೇಕ್ಷಕರನ್ನು ರಂಜಿಸಲು ಸಮಿತಿಯ ಜಾನ್ ವಾರ್ಲಿ ಅವರು ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವಿನಿಂದ ಈ ಆಟವನ್ನು ರೂಪಿಸಿದರು. ಕುದುರೆ ಸವಾರಿಯ ಜಿಗಿತ ಸ್ಪರ್ಧೆಯೇ ಇದಕ್ಕೆ ಮಾದರಿ. ಎರಡೇ ವರ್ಷಗಳಲ್ಲಿ, ಅಂದರೆ 1980ರಲ್ಲಿ, ಅಲ್ಲಿನ ಕೆನಲ್ ಕ್ಲಬ್ ಇದಕ್ಕೆ ಅಧಿಕೃತ ಮಾನ್ಯತೆ ನೀಡಿತು. 1996ರಿಂದ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಆಶ್ರಯದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ಆರಂಭದ ದಿನಗಳಲ್ಲಿ ದೊಡ್ಡ ನಾಯಿಗಳು 30 ಇಂಚು, ಅಂದರೆ ಸುಮಾರು 76 ಸೆಂಟಿಮೀಟರ್ ಎತ್ತರದ ಪಟ್ಟಿಯನ್ನು ಜಿಗಿಯಬೇಕಾಗಿತ್ತು. ಗಾಯಗಳ ಅನುಭವ ಹೆಚ್ಚಾದಂತೆಲ್ಲ ಬ್ರಿಟನ್ನಿನಲ್ಲಿ ಈ ಎತ್ತರ 65 ಸೆಂಟಿಮೀಟರಿಗೆ, ಬಳಿಕ 60ಕ್ಕೆ ಇಳಿಯಿತು. ಮಧ್ಯಮ ಗಾತ್ರದ ನಾಯಿಗಳಿಗಾಗಿ ನಡುವಿನ ವರ್ಗಗಳೂ ಬಂದವು. ಎರಡು ಹಲಗೆಗಳನ್ನು ಮನೆಯ ಮಾಡಿನಂತೆ ಜೋಡಿಸಿದ ಎ-ಫ್ರೇಮ್‌ನ ಎತ್ತರ ತಗ್ಗಿತು. ಸಾಲುಗಂಬಗಳ ನಡುವಿನ ಅಂತರ ಈಗ ಸುಮಾರು 60 ಸೆಂಟಿಮೀಟರ್. ಹಿಂದೆ ಇದು ಇನ್ನೂ ಕಿರಿದಾಗಿದ್ದು, ನಾಯಿಯ ಬೆನ್ನು ಹೆಚ್ಚು ಬಾಗಬೇಕಾಗುತ್ತಿತ್ತು. ಹೀಗೆ ಕ್ರೀಡೆಯ ನಿಯಮಾವಳಿಯ ಚರಿತ್ರೆಯೇ ಒಂದು ರೀತಿಯಲ್ಲಿ ಗಾಯಗಳಿಂದ ಕಲಿತ ಪಾಠಗಳ ಚರಿತ್ರೆ.

ಮೂರರಲ್ಲಿ ಒಂದಕ್ಕೆ ಗಾಯ

2013ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದು 27 ದೇಶಗಳ 3801 ಅಜಿಲಿಟಿ ನಾಯಿಗಳ ಮಾಹಿತಿಯನ್ನು ಕಲೆಹಾಕಿತ್ತು. ಅವುಗಳಲ್ಲಿ 1209 ನಾಯಿಗಳು, ಅಂದರೆ ಶೇ. 32ರಷ್ಟು, ಈ ಕ್ರೀಡೆಯಲ್ಲಿ ಗಾಯಗೊಂಡಿದ್ದವು. 2009ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿಯೂ ಸರಿಸುಮಾರು ಮೂರನೇ ಒಂದು ಭಾಗದ ನಾಯಿಗಳಿಗೆ ಗಾಯವಾಗಿತ್ತು. ಇವು ಮಾಲೀಕರೇ ಒದಗಿಸಿದ ಮಾಹಿತಿಯನ್ನು ಆಧರಿಸಿದವು; ಸಣ್ಣಪುಟ್ಟ ಉಳುಕುಗಳೂ ಲೆಕ್ಕದಲ್ಲಿ ಸೇರಿವೆ. ಆದರೂ ಭುಜ ಮತ್ತು ಬೆನ್ನು ಹೆಚ್ಚು ಗಾಯಗೊಳ್ಳುವ ಭಾಗಗಳೆಂಬುದನ್ನು ಎರಡೂ ಸಮೀಕ್ಷೆಗಳು ತೋರಿಸಿದವು. 2013ರ ಸಮೀಕ್ಷೆಯ ಪ್ರಕಾರ ಅಡ್ಡಪಟ್ಟಿ ಜಿಗಿತ, ಎ-ಫ್ರೇಮ್ ಮತ್ತು ಡಾಗ್ ವಾಕ್ ಎಂಬ ಎತ್ತರದ ಹಲಗೆ ಸೇತುವೆಗಳೊಂದಿಗೆ ಗಾಯಗಳು ಹೆಚ್ಚಾಗಿ ತಳಕು ಹಾಕಿಕೊಂಡಿದ್ದವು. ಅತಿ ವೇಗದ ತಳಿಯಾದ ಬಾರ್ಡರ್ ಕೋಲಿಗಳಲ್ಲಿ ಅಪಾಯ ಹೆಚ್ಚು. ಹಿಂದೊಮ್ಮೆ ಗಾಯಗೊಂಡ ನಾಯಿ ಮತ್ತೆ ಗಾಯಗೊಳ್ಳುವ ಸಾಧ್ಯತೆಯೂ ಹೆಚ್ಚು.

ಭುಜವೇ ಏಕೆ ಎಂಬ ಪ್ರಶ್ನೆಗೆ ಉತ್ತರ ನಾಯಿಯ ದೇಹರಚನೆಯಲ್ಲಿದೆ. ನಿಂತ ನಾಯಿಯ ತೂಕದ ಶೇ. 60ರಷ್ಟು ಭಾರವನ್ನು ಮುಂಗಾಲುಗಳೇ ಹೊರುತ್ತವೆ. ಜಿಗಿದು ನೆಲಕ್ಕಿಳಿಯುವಾಗ ಈ ಪಾಲು ಇನ್ನೂ ಏರುತ್ತದೆ. ಮನುಷ್ಯನಿಗಿರುವಂತೆ ಗಟ್ಟಿಯಾದ ಕೊರಳೆಲುಬು ನಾಯಿಗೆ ಇಲ್ಲ. ಮುಂಗಾಲು ಎದೆಗೂಡಿಗೆ ಅಂಟಿಕೊಂಡಿರುವುದು ಸ್ನಾಯುಗಳ ಮೂಲಕ ಮಾತ್ರ. ಆದ್ದರಿಂದ ನೆಲಕ್ಕೆ ಬಿದ್ದ ಪ್ರತಿಯೊಂದು ಹೊಡೆತವನ್ನೂ ಸ್ನಾಯು ಮತ್ತು ಸ್ನಾಯುರಜ್ಜುಗಳೇ ತಾಳಿಕೊಳ್ಳಬೇಕು.

ಹಿಂಗಾಲಿನ ಕಡೆ ಎರಡು ಗಾಯಗಳು ವೈದ್ಯರಿಗೆ ಸುಪರಿಚಿತ. ಒಂದು, ಸೊಂಟದಿಂದ ತೊಡೆಯ ಒಳಭಾಗಕ್ಕೆ ಇಳಿಯುವ ಇಲಿಯೊಸೋಯಸ್ ಸ್ನಾಯುವಿನ ಸೆಳೆತ. ಇನ್ನೊಂದು, ಮೊಣಕಾಲಿನೊಳಗಿನ ಕ್ರೂಸಿಯೇಟ್ ಅಸ್ಥಿರಜ್ಜುವಿನ ಹರಿತ. ಎರಡನೆಯದಕ್ಕೆ ಹಲವು ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ ಮತ್ತು ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ.

ಒಂದೇ ಬಗೆಯ ಒತ್ತಡ ಪದೇ ಪದೇ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಗ್ರೇಹೌಂಡ್ ಓಟ ಸ್ಪಷ್ಟ ನಿದರ್ಶನ. ಆ ಓಟದಲ್ಲಿ ನಾಯಿಗಳು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ, ಸದಾ ಎಡಕ್ಕೇ ತಿರುಗುತ್ತವೆ. ಪರಿಣಾಮವಾಗಿ ಬಲ ಹಿಂಗಾಲಿನ ಹಿಮ್ಮಡಿ ಗಂಟಿನ ನಡುಮೂಳೆ ಮುರಿಯುವುದು ಈ ನಾಯಿಗಳ ವಿಶಿಷ್ಟ ಗಾಯವಾಗಿ ಪಶುವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿದೆ. ಅಜಿಲಿಟಿ ನಾಯಿಗೂ ಎಡ-ಬಲ ಎರಡೂ ಕಡೆ ಸಮನಾಗಿ ಅಭ್ಯಾಸ ಮಾಡಿಸಬೇಕೆಂದು ತರಬೇತುದಾರರು ಹೇಳುವುದು ಈ ಕಾರಣದಿಂದಲೇ.

ಮರಿಗೆ ಎತ್ತರದ ಜಿಗಿತ ಬೇಡ

ನಾಯಿಮರಿಯ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದು ಪದರಗಳಿರುತ್ತವೆ. ಸಣ್ಣ ತಳಿಗಳಲ್ಲಿ ಇವು ಒಂದು ವರ್ಷದೊಳಗೆ ಗಟ್ಟಿಯಾದರೆ, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದವರೆಗೂ ಸಮಯ ಹಿಡಿಯಬಹುದು. ಅದಕ್ಕೆ ಮೊದಲು ಇವಕ್ಕೆ ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯುವ ಅಪಾಯವಿದೆ. ಎಫ್‌ಸಿಐ ಸ್ಪರ್ಧೆಗಳಿಗೆ 18 ತಿಂಗಳು, ಅಮೆರಿಕನ್ ಕೆನಲ್ ಕ್ಲಬ್ ಸ್ಪರ್ಧೆಗಳಿಗೆ 15 ತಿಂಗಳು ತುಂಬಿರಬೇಕೆಂಬ ನಿಯಮ ಇರುವುದು ಗಮನಾರ್ಹ.

ಹಾಗೆಂದು ಮರಿಯನ್ನು ಸುಮ್ಮನೆ ಕಟ್ಟಿಹಾಕಬೇಕೆಂದಲ್ಲ. ಹುಲ್ಲಿನ ಮೇಲೆ ಸ್ವಚ್ಛಂದ ಆಟ, ನೆಲಕ್ಕೆ ತಾಗಿಸಿಟ್ಟ ಪಟ್ಟಿಗಳನ್ನು ಹೆಜ್ಜೆಯಿಟ್ಟು ದಾಟುವುದು, ಕರೆದಾಗ ಬರುವುದು, ಎರಡೂ ಬದಿಗೆ ತಿರುಗುವುದು ಇವೆಲ್ಲ ಮುಂದಿನ ಕ್ರೀಡೆಗೆ ಅಡಿಪಾಯ. ಎತ್ತರದ ಜಿಗಿತ, ವೇಗದಲ್ಲಿ ಸಾಲುಗಂಬ ಹಾಯುವುದು ಮತ್ತು ಗಟ್ಟಿ ರಸ್ತೆಯ ಮೇಲೆ ದೀರ್ಘ ಓಟ ಕಾಯಬಹುದು.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸೂ ಇಲ್ಲಿ ಮುಖ್ಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರವು ಗೋಲ್ಡನ್ ರಿಟ್ರೀವರ್‌ಗಳ ಬಗ್ಗೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ತುಂಬುವ ಮೊದಲೇ ಈ ಚಿಕಿತ್ಸೆಗೆ ಒಳಗಾದ ನಾಯಿಗಳಲ್ಲಿ ಕೀಲು ತೊಂದರೆಗಳು ಹೆಚ್ಚಾಗಿ ಕಂಡುಬಂದಿದ್ದವು. ಇದು ತಳಿಯಿಂದ ತಳಿಗೆ ಬದಲಾಗುವುದರಿಂದ ಸಮಯವನ್ನು ಪಶುವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸುವುದು ಒಳಿತು.

ತೂಕವೇ ಮೊದಲ ಔಷಧ

ಖರ್ಚಿಲ್ಲದೆ ಗಾಯ ತಡೆಯುವ ಉಪಾಯವೆಂದರೆ ನಾಯಿಯನ್ನು ತೆಳ್ಳಗಿಡುವುದು. 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಗಳಾಗಿಸಿ, ಪ್ರತಿ ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರವನ್ನು ಜೀವನಪರ್ಯಂತ ನೀಡಲಾಗಿತ್ತು. ಕಡಿಮೆ ತಿಂದ ಗುಂಪಿನ ನಾಯಿಗಳ ಮಧ್ಯಮ ಆಯುಸ್ಸು 13 ವರ್ಷ. ಇನ್ನೊಂದು ಗುಂಪಿನದು 11.2 ವರ್ಷ. ಕೀಲುನೋವಿಗೆ ಚಿಕಿತ್ಸೆಯ ಅಗತ್ಯವೂ ಅವುಗಳಿಗೆ ತಡವಾಗಿ ಬಂತು.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕೈಯಾಡಿಸಿದಾಗ ಪಕ್ಕೆಲುಬುಗಳು ಸುಲಭವಾಗಿ ತಾಕಬೇಕು. ಮೇಲಿನಿಂದ ನೋಡಿದಾಗ ಸೊಂಟ ಒಳಸರಿದಿರಬೇಕು. ಬದಿಯಿಂದ ನೋಡಿದಾಗ ಹೊಟ್ಟೆ ಮೇಲಕ್ಕೆ ಸರಿದಿರಬೇಕು. ಪಶುವೈದ್ಯರು ಬಳಸುವ 9 ಅಂಕಗಳ ಮಾಪನದಲ್ಲಿ 4 ಅಥವಾ 5 ಅಂಕ ಕ್ರೀಡಾ ನಾಯಿಗೆ ಸೂಕ್ತ. ತರಬೇತಿಯಲ್ಲಿ ನೀಡುವ ತಿನಿಸುಗಳನ್ನೂ ದಿನದ ಆಹಾರದ ಲೆಕ್ಕಕ್ಕೆ ಸೇರಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಆಟವೇ ವ್ಯಾಯಾಮವಲ್ಲ

ಅಜಿಲಿಟಿ ಅಭ್ಯಾಸ ಮಾಡಿಸಿದರೆ ನಾಯಿಯ ಮೈ ತಾನಾಗಿಯೇ ಹುರಿಗೊಳ್ಳುತ್ತದೆ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಆಟದ ಕೌಶಲ ಬೇರೆ, ಆ ಆಟವನ್ನು ತಾಳಿಕೊಳ್ಳುವ ದೇಹ ಬೇರೆ. ದೇಹ ಸಿದ್ಧತೆಗೆ ನಾಲ್ಕು ಅಂಗಗಳಿವೆ.

ದಮ್ಮು: ವಾರದಲ್ಲಿ ಮೂರು-ನಾಲ್ಕು ದಿನ ಮಣ್ಣು ಅಥವಾ ಹುಲ್ಲಿನ ಹಾದಿಯಲ್ಲಿ ಒಂದೇ ಲಯದ ಕುಕ್ಕುಲೋಟ. ನಡಿಗೆಗಿಂತ ವೇಗ, ನಾಗಾಲೋಟಕ್ಕಿಂತ ನಿಧಾನವಾದ ಈ ಗತಿಯಲ್ಲಿ ಎಡ-ಬಲ ಕಾಲುಗಳು ಸಮನಾಗಿ ದುಡಿಯುತ್ತವೆ. ಈಜು ಕೂಡ ಒಳ್ಳೆಯದು.

ಬಲ: ಇಳಿಜಾರು ಹತ್ತಿಸುವುದು, ಕುಳಿತಲ್ಲಿಂದ ಎದ್ದು ನಿಲ್ಲಿಸುವುದು, ಹಿಂದಕ್ಕೆ ಹೆಜ್ಜೆ ಇಡಿಸುವುದು. ಹಿಂದಕ್ಕೆ ನಡೆಯುವ ಅಭ್ಯಾಸದಿಂದ ನಾಯಿಗೆ ತನ್ನ ಹಿಂಗಾಲುಗಳ ಮೇಲೆ ಹತೋಟಿ ಬರುತ್ತದೆ.

ಸಮತೋಲನ: ಮುಂಗಾಲುಗಳನ್ನು ಗಟ್ಟಿ ದಿಂಬಿನ ಮೇಲಿರಿಸಿ ನಿಲ್ಲಿಸುವುದು, ಒಂದು ಕಾಲನ್ನು ಕೆಲವು ಕ್ಷಣ ಎತ್ತಿ ಹಿಡಿಯುವುದು, ಗಾಳಿ ತುಂಬಿದ ತಟ್ಟೆಯ ಮೇಲೆ ನಿಲ್ಲಿಸುವುದು. ಕ್ರೂಸಿಯೇಟ್ ಗಾಯದ ಬಗ್ಗೆ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂತಹ ಸಮತೋಲನ ವ್ಯಾಯಾಮವನ್ನು ವಾರಕ್ಕೊಮ್ಮೆಯಾದರೂ ಮಾಡುತ್ತಿದ್ದ ಅಜಿಲಿಟಿ ನಾಯಿಗಳಲ್ಲಿ ಆ ಗಾಯ ಕಡಿಮೆ ಕಂಡುಬಂದಿತ್ತು. ವ್ಯಾಯಾಮವೊಂದೇ ಇದಕ್ಕೆ ಕಾರಣ ಎಂದು ಇದರಿಂದ ಸಿದ್ಧವಾಗದಿದ್ದರೂ, ದಿನಕ್ಕೆ ಐದು ನಿಮಿಷದ ಈ ಅಭ್ಯಾಸದಿಂದ ನಷ್ಟವೇನಿಲ್ಲ.

ವಿಶ್ರಾಂತಿ: ಸ್ನಾಯು ಬಲಗೊಳ್ಳುವುದು ದುಡಿದಾಗ ಅಲ್ಲ, ದುಡಿದ ಬಳಿಕ ವಿರಮಿಸಿದಾಗ. ತೀವ್ರ ಅಭ್ಯಾಸದ ಮರುದಿನ ಹಗುರ ನಡಿಗೆ ಸಾಕು. ವಾರದಿಂದ ವಾರಕ್ಕೆ ಅಭ್ಯಾಸವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ದೂರ, ವೇಗ, ಎತ್ತರ ಈ ಮೂರನ್ನೂ ಒಮ್ಮೆಗೇ ಹೆಚ್ಚಿಸಬಾರದು. ವರ್ಷದಲ್ಲಿ ಕೆಲವು ವಾರ ಜಿಗಿತಕ್ಕೆ ಪೂರ್ಣ ಬಿಡುವು ಕೊಡುವುದು ಅನುಭವಿಗಳ ರೂಢಿ.

ಓಟಕ್ಕೆ ಮುನ್ನ ಹತ್ತು ನಿಮಿಷ

ಪಂಜರದಲ್ಲಿ ಗಂಟೆಗಟ್ಟಲೆ ಮಲಗಿದ್ದ ನಾಯಿಯನ್ನು ಹೆಸರು ಕೂಗಿದೊಡನೆ ಅಖಾಡಕ್ಕಿಳಿಸುವುದು ಗಾಯವನ್ನು ಆಹ್ವಾನಿಸಿದಂತೆ. ಮೊದಲು ಎರಡು-ಮೂರು ನಿಮಿಷ ಬಿರುನಡಿಗೆ, ನಂತರ ಅಷ್ಟೇ ಹೊತ್ತು ಕುಕ್ಕುಲೋಟ, ಎರಡೂ ಬದಿಗೆ ಸುತ್ತು ತಿರುಗುವುದು, ಮುಂಗಾಲು ಚಾಚಿ ಬಾಗುವುದು, ಕುಳಿತೇಳುವುದು, ಕೊನೆಗೆ ತಗ್ಗಿನ ಪಟ್ಟಿಯ ಮೇಲೆ ಒಂದೆರಡು ಜಿಗಿತ. ಮೈ ಬಿಸಿಯಾಗದೆ ಕಾಲುಗಳನ್ನು ಕೈಯಿಂದ ಹಿಡಿದೆಳೆಯುವುದು ಸಲ್ಲದು. ಓಟ ಮುಗಿದ ಮೇಲೂ ನೇರವಾಗಿ ಪಂಜರಕ್ಕೆ ಸೇರಿಸದೆ ಐದಾರು ನಿಮಿಷ ನಡೆಸಿ, ಉಸಿರು ಹತೋಟಿಗೆ ಬಂದ ಮೇಲೆ ನೀರು ಕೊಡಬೇಕು. ಆ ಹೊತ್ತಿನಲ್ಲಿ ಪಾದ, ಉಗುರು, ಭುಜ, ತೊಡೆಗಳ ಮೇಲೆ ಕೈಯಾಡಿಸಿ ನೋಡುವುದು ಉತ್ತಮ ಅಭ್ಯಾಸ.

ನೆಲದ ಗುಣವೂ ಅಷ್ಟೇ ಮುಖ್ಯ. ಜಾರುವ ಒದ್ದೆ ಹುಲ್ಲು, ಗಟ್ಟಿ ಕಾಂಕ್ರೀಟು, ಕಾಲು ಹೂತುಹೋಗುವ ಮರಳು ಮೂರೂ ಅಪಾಯಕಾರಿ. ಜಿಗಿತದ ಪಟ್ಟಿಯು ತಾಗಿದೊಡನೆ ಬೀಳುವಂತಿರಬೇಕು. ಟೈರಿನಂತಹ ಬಳೆಯ ಮೂಲಕ ಹಾರುವ ಅಡೆತಡೆ ಈಗ ಡಿಕ್ಕಿಯಾದರೆ ಬೇರ್ಪಡುವಂತೆ ತಯಾರಾಗುತ್ತಿದೆ.

ಉಗುರಿನ ವಿಷಯವನ್ನು ಕಡೆಗಣಿಸುವಂತಿಲ್ಲ. ಅಜಿಲಿಟಿ ನಾಯಿಗಳ ಬೆರಳಿನ ಗಾಯಗಳ ಬಗ್ಗೆ 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉದ್ದ ಉಗುರಿರುವ ನಾಯಿಗಳಿಗೂ, ಮುಂಗಾಲಿನ ಒಳಬದಿಯ ಹೆಬ್ಬೆರಳನ್ನು ತೆಗೆಸಿದ ನಾಯಿಗಳಿಗೂ ಅಪಾಯ ಹೆಚ್ಚೆಂದು ಕಂಡುಬಂದಿತ್ತು. ನಿರುಪಯುಕ್ತವೆಂದು ಮರಿಯಲ್ಲೇ ಕತ್ತರಿಸಿಹಾಕುವ ಆ ಬೆರಳು ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯಲು ನೆರವಾಗುತ್ತದೆ.

ಬಿಸಿಲೆಂಬ ಶತ್ರು

ನಾಯಿಯ ಸಹಜ ದೇಹೋಷ್ಣ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೆವರು ಗ್ರಂಥಿಗಳಿರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ. ಹೀಗಾಗಿ ತೇಗುವುದೇ ಮೈ ತಣಿಸುವ ಮುಖ್ಯ ಮಾರ್ಗ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಮಾರ್ಗವೂ ಮಂದವಾಗುತ್ತದೆ. ಕರಾವಳಿಯಂತಹ ಸೆಕೆಯ ಪ್ರದೇಶದಲ್ಲಿ ಉಷ್ಣಾಂಶ ಅಷ್ಟೇನೂ ಏರದಿದ್ದರೂ ನಾಯಿ ಬಳಲುವುದು ಇದರಿಂದಲೇ. ನಾಲಿಗೆ ಅಗಲವಾಗಿ ಜೋತುಬೀಳುವುದು, ಕಣ್ಣು ಕಿರಿದಾಗುವುದು, ನೆರಳು ಹುಡುಕುವುದು, ತಿರುವಿನಲ್ಲಿ ತಡವರಿಸುವುದು ಆರಂಭದ ಸೂಚನೆಗಳು. ತೂರಾಡುವುದು, ವಾಂತಿ, ಕುಸಿಯುವುದು ಪ್ರಾಣಾಪಾಯದ ಲಕ್ಷಣಗಳು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ದುಡಿಯುವ ನಾಯಿಗಳ ಕೇಂದ್ರವು 2012ರಿಂದ ಈ ವಿಷಯದಲ್ಲಿ ಕೆಲಸ ಮಾಡುತ್ತಿದೆ. ವ್ಯಾಯಾಮದಿಂದ ಬಿಸಿಯಾದ, ಆದರೆ ಎಚ್ಚರವಾಗಿರುವ ನಾಯಿಯು ತಾನಾಗಿ ತಲೆಯನ್ನು ನೀರಿನ ಪಾತ್ರೆಯಲ್ಲಿ ಅದ್ದುವಂತೆ ಕಲಿಸಿದರೆ ಮೈ ಬೇಗ ತಣಿಯುತ್ತದೆಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಕುಸಿದುಬಿದ್ದ ನಾಯಿಗೆ ಇದು ಸಲ್ಲದು. ಅಂತಹ ನಾಯಿಯ ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು, ಗಾಳಿ ಬೀಸಿ, ಮೊದಲು ತಣಿಸಿ ಬಳಿಕ ಆಸ್ಪತ್ರೆಗೆ ಸಾಗಿಸಬೇಕು. ಒದ್ದೆ ಟವೆಲನ್ನು ಹೊದಿಸಿ ಹಾಗೇ ಬಿಟ್ಟರೆ ಶಾಖ ಹೊರಹೋಗದೆ ಉಳಿಯುತ್ತದೆ.

ನಾಯಿ ಹೇಳುವ ಮಾತು

ಕುಂಟು ಕಾಣಿಸಿಕೊಳ್ಳುವ ಮುನ್ನವೇ ನೋವು ಬೇರೆ ರೂಪದಲ್ಲಿ ತಲೆದೋರಿರುತ್ತದೆ. ಎಂದೂ ಪಟ್ಟಿ ಬೀಳಿಸದ ನಾಯಿ ಬೀಳಿಸತೊಡಗುವುದು, ಜಿಗಿತಕ್ಕೆ ಮುನ್ನ ಹೆಜ್ಜೆ ಹೆಚ್ಚಿಸುವುದು, ಸಾಲುಗಂಬದ ನಡುವಿನಿಂದ ಹೊರಬೀಳುವುದು, ಒಂದು ಕಡೆಗೆ ಮಾತ್ರ ಅಗಲವಾಗಿ ತಿರುಗುವುದು, ಕಾರು ಹತ್ತಲು ಹಿಂಜರಿಯುವುದು, ಸೊಟ್ಟಗೆ ಕೂರುವುದು ಇವೆಲ್ಲ ಸೂಚನೆಗಳೇ. ಇವುಗಳನ್ನು ಹಟಮಾರಿತನವೆಂದು ಭಾವಿಸಿ ಮತ್ತಷ್ಟು ಅಭ್ಯಾಸ ಮಾಡಿಸುವುದರಿಂದಲೇ ಸಣ್ಣ ಸೆಳೆತ ದೊಡ್ಡ ಗಾಯವಾಗುತ್ತದೆ. ಕುಕ್ಕುಲೋಟದಲ್ಲಿ ನಾಯಿಯ ತಲೆಯನ್ನು ಗಮನಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ: ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಗುಣವಾಗಿರುವ ಕಾಲು ಊರಿದಾಗ ಕೆಳಗಿಳಿಯುತ್ತದೆ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಈ ಓಟದ ಚಿತ್ರೀಕರಣ ಮಾಡಿಟ್ಟುಕೊಂಡರೆ ಹೋಲಿಸಿ ನೋಡಲು ಅನುಕೂಲ.

ಗಾಯದ ಶಂಕೆ ಬಂದೊಡನೆ ಓಟ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಮನುಷ್ಯರ ನೋವು ನಿವಾರಕಗಳನ್ನು ನಾಯಿಗೆ ಕೊಡಲೇಬಾರದು, ಅವು ವಿಷವಾಗಬಲ್ಲವು. ನೋವು ಇಳಿದ ಮಾತ್ರಕ್ಕೆ ಗಾಯ ಮಾಗಿತೆಂದು ಅರ್ಥವಲ್ಲ. ಮೊದಲು ಹಗ್ಗ ಹಿಡಿದು ನಡಿಗೆ, ನಂತರ ಕುಕ್ಕುಲೋಟ, ಆಮೇಲೆ ಬಲವರ್ಧನೆ, ಕಟ್ಟಕಡೆಗೆ ಜಿಗಿತ ಎಂಬ ಕ್ರಮವನ್ನು ವೈದ್ಯರ ಸಲಹೆಯಂತೆ ಪಾಲಿಸಬೇಕು.

ನಿಲ್ಲಿಸುವ ಅಧಿಕಾರ ಯಾರದು?

ಹುರುಪಿನಲ್ಲಿರುವ ನಾಯಿ ಮತ್ತು ಗೆಲ್ಲುವ ಹಟದ ಒಡೆಯ ಇಬ್ಬರೂ ನಿಲ್ಲದಿದ್ದಾಗ ಮೂರನೆಯವರೊಬ್ಬರು ಬೇಕಾಗುತ್ತಾರೆ. 1973ರಲ್ಲಿ ಆರಂಭವಾದ ಅಲಾಸ್ಕಾದ ಇಡಿಟರಾಡ್ ಹಿಮಗಾಡಿ ಓಟದಲ್ಲಿ ನಾಯಿಗಳು ಸುಮಾರು 1600 ಕಿಲೋಮೀಟರ್ ಕ್ರಮಿಸುತ್ತವೆ. ಓಟಕ್ಕೆ ಮೊದಲು ಹೃದಯ ಮತ್ತು ರಕ್ತ ಪರೀಕ್ಷೆ, ಪಾದಗಳಿಗೆ ಬಟ್ಟೆಯ ಬೂಟು, ತಂಗುದಾಣಗಳಲ್ಲಿ ಪಶುವೈದ್ಯರ ತಪಾಸಣೆ, ಕಡ್ಡಾಯವಾಗಿ ಒಂದು 24 ಗಂಟೆಗಳ ಮತ್ತು ಎರಡು 8 ಗಂಟೆಗಳ ವಿಶ್ರಾಂತಿ ಅಲ್ಲಿನ ನಿಯಮ. ದಣಿದ ನಾಯಿಯನ್ನು ಹಾದಿಯಲ್ಲೇ ವೈದ್ಯರ ಸುಪರ್ದಿಗೆ ಒಪ್ಪಿಸಿ ಮುಂದುವರಿಯಬೇಕು. ಅದರ ಬದಲಿಗೆ ಬೇರೆ ನಾಯಿ ಕಟ್ಟುವಂತಿಲ್ಲ. ಇಷ್ಟೆಲ್ಲ ಇದ್ದೂ 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ಆ ಓಟ ನಡೆಯಬೇಕೇ ಎಂಬ ಪ್ರಶ್ನೆಯನ್ನು ಪ್ರಾಣಿದಯಾ ಸಂಘಟನೆಗಳು ಎತ್ತುತ್ತಲೇ ಇವೆ. ನಿಯಮಗಳು ಅಪಾಯವನ್ನು ಕಡಿಮೆ ಮಾಡಬಲ್ಲವೇ ಹೊರತು ಇಲ್ಲವಾಗಿಸಲಾರವು.

ನಗರದ ಮನೆಯ ನಾಯಿಗೂ ಅನ್ವಯ

ಸ್ಪರ್ಧೆಗೆ ಹೋಗದ ನಾಯಿಗೂ ಈ ಪಾಠಗಳು ಅನ್ವಯಿಸುತ್ತವೆ. ಬೇಟೆ ಮತ್ತು ವೇಗಕ್ಕೆ ಹೆಸರಾದ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಚೀಟಿಯ ಮೇಲೆ ಮುದ್ರಿಸಿತು; 2016ರಲ್ಲಿ ಸೇನೆಯು ಈ ನಾಯಿಗಳನ್ನು ಮೀರತ್‌ನ ಕೇಂದ್ರದಲ್ಲಿ ತರಬೇತಿಗೆ ತೆಗೆದುಕೊಂಡಿತು. ಈಗ ನಗರಗಳ ಮನೆಗಳಲ್ಲಿಯೂ ಈ ನಾಯಿಗಳಿವೆ. ಬಯಲಿನಲ್ಲಿ ಓಡಲೆಂದೇ ರೂಪುಗೊಂಡ ಈ ನಾಯಿಯನ್ನು ವಾರವಿಡೀ ನುಣುಪು ಗ್ರಾನೈಟ್ ನೆಲದ ಮೇಲಿರಿಸಿ, ಭಾನುವಾರ ಮಾತ್ರ ಮೈದಾನದಲ್ಲಿ ಬಿಟ್ಟು ಚೆಂಡು ಎಸೆದರೆ, ಅಣಿಯಾಗದ ಸ್ನಾಯುಗಳ ಮೇಲೆ ಒಮ್ಮೆಗೇ ಭಾರ ಬೀಳುತ್ತದೆ. ಲ್ಯಾಬ್ರಡಾರ್‌ನಂತಹ ಭಾರದ ನಾಯಿಗೆ ಇದು ಇನ್ನೂ ಹೆಚ್ಚು ನಿಜ. ಜಾರುವ ನೆಲಕ್ಕೆ ಒಂದೆರಡು ರತ್ನಗಂಬಳಿ ಅಥವಾ ರಬ್ಬರ್ ಚಾಪೆ, ನಿತ್ಯವೂ ಅರ್ಧ ಗಂಟೆ ನಡಿಗೆ, ಚೆಂಡನ್ನು ಎತ್ತರಕ್ಕೆ ಎಸೆಯುವ ಬದಲು ನೆಲದ ಮೇಲೆ ಉರುಳಿಸುವುದು, ಬೇಸಿಗೆಯಲ್ಲಿ ಬೆಳಗಿನ ಅಥವಾ ರಾತ್ರಿಯ ತಂಪು ಹೊತ್ತಿನ ಆಯ್ಕೆ — ಇಷ್ಟು ಮಾಡಿದರೂ ಅನೇಕ ಗಾಯಗಳನ್ನು ತಪ್ಪಿಸಬಹುದು.

ಕ್ರೀಡಾ ನಾಯಿಗೂ ನಿವೃತ್ತಿಯ ವಯಸ್ಸು ಬರುತ್ತದೆ. ಅನೇಕ ಸಂಘಟನೆಗಳು ಹಿರಿಯ ನಾಯಿಗಳಿಗಾಗಿ ತಗ್ಗಿನ ಪಟ್ಟಿಯ ವರ್ಗಗಳನ್ನು ಇರಿಸಿವೆ. ಅಖಾಡ ಬಿಟ್ಟ ನಾಯಿಯೂ ನಡಿಗೆ, ಸಮತೋಲನ ವ್ಯಾಯಾಮ ಮತ್ತು ಮೂಸಿ ಹುಡುಕುವ ಆಟಗಳಲ್ಲಿ ವರ್ಷಗಟ್ಟಲೆ ಸಂತೋಷದಿಂದ ಇರಬಲ್ಲದು. ಇನ್ನೊಂದು ಸುತ್ತು ಓಡು ಎಂದರೆ ನಾಯಿ ಎಂದೂ ಬೇಡವೆನ್ನುವುದಿಲ್ಲ. ಆ ಮಾತನ್ನು ಅದರ ಪರವಾಗಿ ಒಡೆಯನೇ ಹೇಳಬೇಕು.